ತೆಂಗಿನ ಬುಡದ ನೆಲ

ಕಡಲನ್ನು ಕಣ್ಣಾರೆ ನೋಡುವ ಮೊದಲೇ ಎರಡು ವರ್ಷ ನಾನು ಅದರ ಅಂಚನ್ನು ಕಂಪ್ಯೂಟರಿನಲ್ಲಿ ಎಳೆದಿದ್ದೆ. ವೈಟ್‌ಫೀಲ್ಡಿನ ಒಂದು ನಕ್ಷೆ ಕಂಪನಿಯಲ್ಲಿ ಕೆಲಸ. ಡಿಪ್ಲೊಮಾ ಮುಗಿಸಿ ಸೇರಿದವಳು, ಪಟ್ಟಂದೂರು ಅಗ್ರಹಾರದ ನಮ್ಮ ಮನೆಯಿಂದ ನಡೆದೇ ಹೋಗುತ್ತಿದ್ದೆ. ಐಟಿ ಪಾರ್ಕಿನ ಗೋಡೆ ಎದ್ದು ಆಗಲೇ ಹತ್ತು ಹನ್ನೆರಡು ವರ್ಷವಾಗಿತ್ತು.

ಅಪ್ಪ ಊರ ಕೆರೆಯ ನೀರಗಂಟಿ. ಗದ್ದೆಗಳಿದ್ದ ಕಾಲದಲ್ಲಿ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದವರು. ಗದ್ದೆಗಳು ಹೋದ ಮೇಲೆ ಅದೇ ಪಾರ್ಕಿನಲ್ಲಿ ಹುಲ್ಲುಹಾಸಿಗೆ ನೀರು ಹಾಯಿಸುವ ಕೆಲಸಕ್ಕೆ ಸೇರಿದರು. ಚಿಕ್ಕವಳಿದ್ದಾಗ ನನ್ನನ್ನು ಕೆರೆ ಏರಿಯ ಮೇಲೆ ಕೂರಿಸಿಕೊಂಡು, ಕೋಡಿ ಬಿದ್ದರೆ ನೀರು ಮೊದಲು ಯಾರ ಮನೆ ಮುಂದೆ ಬರುತ್ತದೆ, ಆಮೇಲೆ ಯಾರದು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಒಂದು ಸಲವೂ ತಪ್ಪಿದ್ದು ನನಗೆ ನೆನಪಿಲ್ಲ.

ಆಫೀಸಿಗೆ ಬಂದಿದ್ದ ಕೆಲಸ ನಮ್ಮ ರಾಜ್ಯದ ಕರಾವಳಿಯದು. ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತಿದೆ, ಮುಂದೆ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಬಾರದು, ನೀರು ನುಗ್ಗಿದರೆ ಜನ ಎಲ್ಲಿಗೆ ಓಡಬೇಕು ಎಂಬ ಯೋಜನೆಗೆ ನಕ್ಷೆ ಬೇಕಿತ್ತು. ಉಪಗ್ರಹ ಕೊಟ್ಟ ಎತ್ತರದ ಲೆಕ್ಕ ಹಿಡಿದು ತಗ್ಗಿಗೆ ಕೆಂಪು, ದಿಬ್ಬಕ್ಕೆ ಹಸಿರು ಬಳಿಯುವುದು ನನ್ನ ಪಾಲು.

ಒಂದು ಕೇರಿಯ ಹತ್ತಿರ ನನ್ನ ಕೈ ನಿಂತಿತು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಸಣ್ಣ ಮರಳಿನ ಪಟ್ಟಿ. ಹೊಳೆ ಕಡೆ ಭತ್ತದ ಗದ್ದೆ, ಅದರ ಪಕ್ಕ ತೆಂಗಿನ ತೋಪು, ತೋಪಿನೊಳಗೆ ಮನೆಗಳು ಮತ್ತು ಶಾಲೆ. ಗದ್ದೆ ಕೆಂಪು. ತೋಪು ಪೂರ್ತಿ ಹಸಿರು. ನೀರು ಬಂದರೆ ಜನ ಶಾಲೆಯಲ್ಲಿ ಸೇರಬೇಕು ಎಂದು ಯೋಜನೆಯಲ್ಲಿ ಆಗಲೇ ಬರೆದಾಗಿತ್ತು. ಆದರೆ ಗದ್ದೆ ಮುಗಿದು ತೆಂಗು ಶುರುವಾಗುವ ಗೆರೆಯಲ್ಲೇ ನೆಲ ಗೋಡೆಯ ಹಾಗೆ ಎದ್ದು ನಿಂತಿತ್ತು. ಅದು ನನಗೆ ಸರಿ ಕಾಣಲಿಲ್ಲ.

ಆಫೀಸಿನ ನಕ್ಷೆ ಹೊರಗೆ ತರುವ ಹಾಗಿರಲಿಲ್ಲ. ಸಂಜೆ ಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಅಪ್ಪನಿಗೆ ತೋರಿಸಿದೆ.

"ಬತ್ತದ ಗದ್ದೆ ಪಕ್ಕದಾಗೇ ಇಂಗೆ ದಿಬ್ಬವಾ?" ಅಂದರು. "ಅದೂ ಮರಳು ಅಂತೀಯ. ಮರಳು ಅಂಗೆ ನೆಟ್ಟಗೆ ನಿಲ್ಲಕಿಲ್ಲ ಕಣಮ್ಮಿ. ನಿನ್ನ ಮಿಷೀನು ಮರದ ಮ್ಯಾಲೆ ಕುಂತ್ಕಂಡು ಅಳದೈತೆ."

ಅಷ್ಟು ಹೇಳಿ ಊಟಕ್ಕೆ ಎದ್ದರು. ನಾನು ಕ್ಯಾಲೆಂಡರು ಹಿಡಿದುಕೊಂಡು ಕೂತೇ ಇದ್ದೆ. ಉಪಗ್ರಹ ನೋಡಿದ್ದು ತೆಂಗಿನ ಗರಿಗಳನ್ನು, ಅದರ ಬುಡದ ನೆಲವನ್ನಲ್ಲ.

ಮರುದಿನ ಅಪ್ಪ ಹೇಳಿದ್ದನ್ನು ನಮ್ಮ ತಂಡದ ಮುಖ್ಯಸ್ಥೆಗೆ ಹೇಳಿದೆ. ಹುಬ್ಬಳ್ಳಿ ಕಡೆಯವರು, ಹಣೆಯಲ್ಲಿ ವಿಭೂತಿ, ಕೆಲಸದಲ್ಲಿ ಬಲು ಕಟ್ಟುನಿಟ್ಟು. ಆ ಶುಕ್ರವಾರವೇ ನಕ್ಷೆ ಒಪ್ಪಿಸಬೇಕಿತ್ತು. ಪಕ್ಕದ ಸೀಟಿನ ಇಂಜಿನಿಯರ್ ನಕ್ಕ: "ಕೆರೆ ನೋಡ್ದೋರು ಕಡಲಿಗೆ ಬುದ್ಧಿ ಹೇಳ್ತಾವ್ರೆ ಗುರು!"

ಮೇಡಂ ನಗಲಿಲ್ಲ. ಪರದೆಯನ್ನು ತುಂಬ ಹೊತ್ತು ನೋಡಿದರು.

"ನೀ ಹೇಳೂದು ಖರೇ ಇರಬಹುದು. ಆದ್ರ ಅನ್ಸಿದ್ದನ್ನ ನಕ್ಷಾದಾಗ ಹಾಕಾಕ ಬರಂಗಿಲ್ಲ. ಅಳದು ತರಬೇಕು. ಸಮುದ್ರ ನೋಡೀಯೇನು?"

"ಇಲ್ಲ ಮೇಡಂ."

"ಹಂಗಾರ ನೋಡಿ ಬಾ. ಶುಕ್ರವಾರದ ಮಾತು ನನಗ ಬಿಡು."

ಕಂಪನಿಯ ಹಿರಿಯ ಸರ್ವೇಯರ್ ಜೊತೆಗೆ ನನ್ನನ್ನು ಕಳಿಸಿದರು. ಬೆಳಗ್ಗೆ ಬಸ್ಸಿಳಿದು ತೋಪು ದಾಟಿದರೆ ಕಡಲು. ಅಷ್ಟು ದೊಡ್ಡದು, ಅಷ್ಟು ಸದ್ದಿನದು ಎಂದುಕೊಂಡಿರಲಿಲ್ಲ. ನಾನು ಎಳೆದಿದ್ದ ಗೆರೆ ಎಲ್ಲಿದೆ ಎಂದು ಹುಡುಕಿದೆ. ಅಲೆ ಅದನ್ನು ಒಂದು ಗಳಿಗೆಯೂ ಒಂದೇ ಕಡೆ ನಿಲ್ಲಗೊಡುತ್ತಿರಲಿಲ್ಲ.

ಎರಡು ದಿನ ಅಳೆದೆವು. ಸರ್ವೇಯರ್ ಲೆವೆಲ್ ಯಂತ್ರದಲ್ಲಿ ಕಣ್ಣಿಟ್ಟರೆ, ನಾನು ಪ್ರತಿ ತೆಂಗಿನ ಸಾಲಿನ ಬುಡದಲ್ಲೂ ಅಳತೆಕೋಲು ಹಿಡಿದು ನಿಂತೆ. ತೋಪಿನ ನೆಲ ಗದ್ದೆಗಿಂತ ಒಂದು ಮೊಳ ಎತ್ತರವಿದ್ದರೆ ಹೆಚ್ಚು. ಶಾಲೆಯ ಅಂಗಳ ಅದಕ್ಕಿಂತಲೂ ತಗ್ಗು.

ಶಾಲೆಯ ಪಕ್ಕ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ನಮ್ಮನ್ನೇ ನೋಡುತ್ತಿದ್ದರು. ನನ್ನ ಅಮ್ಮನಷ್ಟು ವಯಸ್ಸು. ಶಾಲೆಯ ಗೋಡೆಯ ಮೇಲೆ ಸೊಂಟದ ಎತ್ತರದಲ್ಲಿದ್ದ ಕಂದು ಕಲೆ ತೋರಿಸಿದರು. "ಮಳೆಗಾಲದಲ್ಲಿ ಹೊಳೆ ನೀರ್ ಅಲ್ಲಿಂದ ಬತ್ತ್, ಕಡಲ್ ನೀರ್ ಇಲ್ಲಿಂದ ಬತ್ತ್. ನಾವ್ ನಡುಗೆ." ಆಮೇಲೆ ಕೇಳಿದರು, "ನೀವ್ ಎಂತ ಬರಿಯೂದು?"

ಕೆಂಪು, ಹಸಿರಿನ ವಿಷಯ ಹೇಳಿದೆ. ಅವರ ಮುಖ ಬಿಗಿಯಾಯಿತು. ಅಷ್ಟರಲ್ಲಿ ನಾಲ್ಕೈದು ಜನ ಸೇರಿದ್ದರು. ಕೆಂಪು ಬಳಿದರೆ ನಮ್ಮನ್ನು ಎಬ್ಬಿಸುತ್ತಾರಾ ಎಂದು ಒಬ್ಬರು ಜೋರು ಮಾಡಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಅಣ್ಣ. ಅದು ನನ್ನ ಕೈಲಿಲ್ಲ. ಆದ್ರೆ ಹಸಿರು ಅಂತ ಬರೆದ್ರೆ, ನೀರು ಬಂದಾಗ ನಿಮ್ಮನ್ನ ಇದೇ ಶಾಲೆಗೆ ಸೇರಿಸ್ತಾರೆ. ಇಲ್ಲಿಗೆ ನೀರು ಹತ್ತಲ್ಲ ಅಂದ್ಕೊಂಡು ದೋಣಿನೂ ಕಳಿಸಲ್ಲ, ಬಸ್ಸೂ ಕಳಿಸಲ್ಲ."

ಜೋರು ಮಾಡಿದವರು ಗೋಡೆಯ ಕಲೆಯ ಕಡೆ ತಿರುಗಿ ನೋಡಿದರು. ಆ ಹೆಂಗಸೇ ಕೊನೆಗೆ, "ಕೆಂಪೇ ಬರಿ" ಅಂದರು. ಹಾಗೆಯೇ ಗದ್ದೆಯಾಚೆ, ಮರಳಿನ ಪಟ್ಟಿ ಮುಗಿದು ಒಳನಾಡು ಸೇರುವಲ್ಲಿದ್ದ ಕೆಂಪುಕಲ್ಲಿನ ದಿಬ್ಬಕ್ಕೆ ಕರೆದೊಯ್ದು, ಅಲ್ಲಿಗೆ ನೀರು ಯಾವತ್ತೂ ಹತ್ತಿಲ್ಲ ಎಂದು ಹೇಳಿದರು. ಅದನ್ನೂ ಅಳೆದುಕೊಂಡೆವು.

ನಾವು ವಾಪಸ್ಸಾದಾಗ ಮೇಡಂ ಗಡುವನ್ನು ಮುಂದಕ್ಕೆ ಹಾಕಿಸಿದ್ದರು. ಅಳತೆ ನೋಡಿದವರೇ ಕರಾವಳಿಯ ಪ್ರತಿಯೊಂದು ತೋಪನ್ನೂ ಮತ್ತೆ ನೋಡಲು ಇಡೀ ತಂಡವನ್ನು ಕೂರಿಸಿದರು. ಅಂಥವೇ ಇನ್ನೂ ಹಲವು ಸಿಕ್ಕವು. ನಕ್ಕಿದ್ದ ಇಂಜಿನಿಯರ್ ವಾರಗಟ್ಟಲೆ ನನ್ನ ಪಕ್ಕ ಕೂತು ಬಣ್ಣ ತಿದ್ದಿದ. ಒಂದು ದಿನ, "ಸಾರಿ ಕಣೇ, ಸಕ್ಕತ್ತಾಗಿ ಹಿಡಿದ್ಬಿಟ್ಟೆ" ಅಂದ.

ಅಧಿಕಾರಿಗಳ ಸಭೆಯಲ್ಲಿ ವಿವರಿಸಲು ಮೇಡಂ ನನ್ನನ್ನೇ ನಿಲ್ಲಿಸಿದರು. ಇಂಗ್ಲಿಷ್ ತಡವರಿಸಿದಾಗ, "ಕನ್ನಡದಾಗ ಹೇಳು, ಎಲ್ಲಾರಿಗೂ ತಿಳಿತೈತಿ" ಅಂದರು. ಹೇಳಿದೆ. ಹಿರಿಯ ಅಧಿಕಾರಿಯೊಬ್ಬರು ಎಲ್ಲಿ ಕಲಿತದ್ದಮ್ಮ ಎಂದು ಕೇಳಿದರು. ಕಾಲೇಜಿನ ಹೆಸರು ಹೇಳಬಹುದಿತ್ತು. "ನಮ್ಮಪ್ಪ ಪಟ್ಟಂದೂರು ಅಗ್ರಹಾರದ ಕೆರೆ ನೀರಗಂಟಿ ಸಾರ್. ಅವ್ರ ಹತ್ರ ಕಲ್ತಿದ್ದು" ಅಂದೆ. ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ, "ಅಧಿಕಾರಿಗಳ ಮುಂದೆ ನನ್ನ ಮಾತ್ಯಾಕೆ ಆಡಕ್ಕೋದೆ" ಎಂದು ಗದರಿದರು. ಮರುದಿನ ಪಾರ್ಕಿನ ಮಾಲಿಗಳೆಲ್ಲರಿಗೂ ವಿಷಯ ಗೊತ್ತಾಗಿತ್ತು.

ಯೋಜನೆಯಲ್ಲಿ ಶಾಲೆಯ ಹೆಸರು ಹೋಯಿತು. ಆಶ್ರಯದ ಕಟ್ಟಡ ಕೆಂಪುಕಲ್ಲಿನ ದಿಬ್ಬದ ಮೇಲೆ ಎದ್ದಿತು, ಗದ್ದೆಯ ಮಧ್ಯೆ ಅಲ್ಲಿಗೊಂದು ಎತ್ತರದ ರಸ್ತೆಯೂ ಬಂತು. ತಕ್ಷಣವಲ್ಲ, ಮೂರು ಮಳೆಗಾಲ ಕಳೆದ ಮೇಲೆ. ಕೇರಿಯನ್ನು ಯಾರೂ ಎಬ್ಬಿಸಲಿಲ್ಲ; ಹೊಸ ಮನೆಗಳನ್ನು ಮಾತ್ರ ದಿಬ್ಬದ ಕಡೆಗೇ ಕಟ್ಟಬೇಕು ಎಂದಾಯಿತು.

ಆಮೇಲೊಂದು ಆಷಾಢದಲ್ಲಿ ಹೊಳೆ, ಕಡಲು ಎರಡೂ ಒಟ್ಟಿಗೆ ತೋಪಿಗೆ ನುಗ್ಗಿದವು. ಅಂದು ನನ್ನ ನಂಬರು ಪಡೆದಿದ್ದ ಆ ಮೀನಿನ ಅಕ್ಕನೇ ನನಗೆ ಫೋನ್ ಮಾಡಿದರು. ಕೇರಿಯವರೆಲ್ಲ ಮೂರು ದಿನ ದಿಬ್ಬದ ಮೇಲಿದ್ದರಂತೆ, ಒಬ್ಬರಿಗೂ ಏನೂ ಆಗಲಿಲ್ಲವಂತೆ. ಅವರಿಗೆ ಹೇಳುವುದು ಇನ್ನೂ ಇತ್ತು: ಅಷ್ಟು ಜನಕ್ಕೆ ಆ ಅಡುಗೆಮನೆ ಸಾಲದು, ಗಂಜಿ ಬೇಯಿಸಿ ಸಾಕಾಯಿತು, ಮುಂದಿನ ಸಲ ಕಟ್ಟುವ ಮೊದಲು ಹೆಂಗಸರನ್ನು ಕೇಳಿ.

ಅದನ್ನೂ ಬರೆದುಕೊಂಡು ಮೇಡಂಗೆ ಕೊಟ್ಟೆ.