ಕೇಳದೇ ಉಳಿದ ಉಪಪ್ರಶ್ನೆ

ನನ್ನ ಭಾವ ತೀರಿಕೊಂಡದ್ದು ಸುಂಕದಕಟ್ಟೆಯ ಹಿಂಭಾಗದ ಮಳೆನೀರಿನ ಕಾಲುವೆಯಲ್ಲಿ. ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ಆ ಸಂಜೆ ಬಸ್ಸಿಳಿದು ಮನೆಗೆ ನಡೆದು ಬರುವಾಗ ಜೋರು ಮಳೆ. ರಸ್ತೆ ಯಾವುದು, ಕಾಲುವೆ ಯಾವುದು ಎಂದು ಗೊತ್ತಾಗದಷ್ಟು ನೀರು ನಿಂತಿತ್ತು. ಹೂಳೆತ್ತುವುದಕ್ಕೆಂದು ಕಾಲುವೆಯ ಮೇಲಿನ ಚಪ್ಪಡಿಗಳನ್ನು ತೆಗೆದವರು ವಾಪಸ್ಸು ಹಾಕಿರಲಿಲ್ಲ. ಎದುರಿನ ಹಾಲಿನ ಬೂತಿನವನು ಕಣ್ಣಾರೆ ಕಂಡಿದ್ದ. ಕೊಡೆ ಹಿಡಿದು ಬರುತ್ತಿದ್ದ ಮನುಷ್ಯ ನೋಡುತ್ತಿದ್ದ ಹಾಗೇ ಮಾಯವಾಗಿದ್ದರು. ಮರುದಿನ ಬೆಳಿಗ್ಗೆ ಬಹಳ ಕೆಳಗೆ, ಕಾಲುವೆ ತಿರುಗುವ ಕಡೆ ಸಿಕ್ಕರು.

ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಸೂತಕ ಕಳೆಯುವ ತನಕ ಅವಳು ಯಾರನ್ನೂ ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ಆಮೇಲೊಂದು ದಿನ ನನ್ನನ್ನು ಕರೆದುಕೊಂಡು ಕಾಲುವೆಯ ಉಸ್ತುವಾರಿ ನೋಡುವ ಎಂಜಿನಿಯರ್ ಕಚೇರಿಗೆ ಹೋದಳು. ಚಪ್ಪಡಿ ಯಾಕೆ ಹಾಕಿರಲಿಲ್ಲ ಎಂದಷ್ಟೇ ಅವಳಿಗೆ ತಿಳಿಯಬೇಕಾಗಿತ್ತು. ಎಂಜಿನಿಯರ್ ನಮ್ಮನ್ನು ಕೂರಿಸಿ, ಮರ್ಯಾದೆಯಿಂದಲೇ ಹೇಳಿದರು.

"ವರದಿ ಮೇಲಕ್ಕೆ ಕಳಿಸಾಯ್ತಮ್ಮ. ಅವರು ಸ್ವಲ್ಪ ಕುಡಿದಿದ್ರಂತೆ. ಕಾಲು ಜಾರಿದೆ."

"ಯಾರು ಹೇಳಿದ್ದು?" ಎಂದೆ ನಾನು.

"ಸ್ಥಳೀಯರು."

ಭಾವ ಕುಡಿಯುತ್ತಿರಲಿಲ್ಲ. ಮದುವೆಮನೆಗಳಲ್ಲಿ ಗಂಡಸರು ಒಂದು ಕಾರಿನ ಸುತ್ತ ಸೇರಿದರೆ ಅವರು ಒಳಗೆ ಬಂದು ನಮ್ಮ ಜೊತೆ ಹೂವು ಕಟ್ಟುತ್ತ ಕೂರುತ್ತಿದ್ದರು. ಮರಣೋತ್ತರ ಪರೀಕ್ಷೆಯಲ್ಲೂ ಅಂಥ ಮಾತಿರಲಿಲ್ಲ. ಅಕ್ಕ ಕಚೇರಿಯ ಮೆಟ್ಟಿಲಿಳಿಯುತ್ತ ನಿಂತುಬಿಟ್ಟಳು. "ನಂಗೆ ಪರಿಹಾರಗಿರಿಹಾರ ಏನೂ ಬೇಡ ಕಣೇ. ಆ ಮಾತು ತೆಗೀಬೇಕು. ಅಷ್ಟೆ," ಎಂದಳು.

ನಾನು ಬಸವೇಶ್ವರನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಶಾಲೆಯ ಸಮಾರಂಭಗಳಿಗೆ ಮೇಲ್ಮನೆಯ ಸದಸ್ಯರೊಬ್ಬರು ಬರುತ್ತಿದ್ದರು. ಆಗ ಅವರದು ವಿರೋಧ ಪಕ್ಷ. ಅಕ್ಕ ಇದ್ದ ಕ್ಷೇತ್ರದ ಶಾಸಕರು ಆಳುವ ಪಕ್ಷದವರಾದ್ದರಿಂದ ಅವರ ಹತ್ತಿರ ಹೋಗುವ ಹಾಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ರಾಜಾಜಿನಗರದಲ್ಲಿದ್ದ ಈ ಸದಸ್ಯರ ಮನೆಗೆ ಹೋದೆವು. ಅವರು ಅಕ್ಕ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

"ಇದನ್ನ ಪ್ರಶ್ನೆ ಹಾಕ್ತೀನಮ್ಮ. ಚುಕ್ಕೆ ಗುರುತಿನ ಪ್ರಶ್ನೆ. ಅಂದ್ರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡ್ಬೇಕು. ಬರೆದುಕೊಟ್ಟ ಉತ್ತರದಲ್ಲಿ ಏನೂ ಇರಲ್ಲ, ಅದು ಅಧಿಕಾರಿಗಳು ಬರೆಯೋದು. ಆದ್ರೆ ಆಮೇಲೆ ನಾನು ಉಪಪ್ರಶ್ನೆ ಕೇಳ್ಬಹುದು. ಅದಕ್ಕೆ ಮಂತ್ರಿ ಅಲ್ಲೇ, ಎಲ್ಲರ ಎದುರು ಉತ್ತರ ಹೇಳ್ಬೇಕು. ಸಿಕ್ಕಿಹಾಕ್ಕೊಳ್ಳೋದು ಅಲ್ಲಿ."

ಪ್ರಶ್ನೆಯ ಕರಡನ್ನು ಅವರ ಆಪ್ತ ಸಹಾಯಕ ಹೇಳಿದ ಧಾಟಿಯಲ್ಲಿ ನಾನೇ ಬರೆದೆ. ಹೂಳೆತ್ತಲು ತೆಗೆದ ಚಪ್ಪಡಿಗಳನ್ನು ಮರಳಿ ಹಾಕದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಹೊಣೆಗಾರರ ಮೇಲೆ ಕೈಗೊಂಡ ಕ್ರಮವೇನು? ಇದರಿಂದ ಸಂಭವಿಸಿದ ಸಾವಿನ ಬಗ್ಗೆ ಸರ್ಕಾರದ ನಿಲುವೇನು? ಮಕ್ಕಳಿಗೆ ನಾನು ಇಂಥ ಕನ್ನಡ ಬರೆಯಬೇಡಿ ಎನ್ನುತ್ತಿದ್ದೆ. ಆದರೆ ಆ ದಿನ ಆ ಒಣ ಮಾತುಗಳಿಗೆ ಒಂದು ಬಲವಿದೆ ಅನ್ನಿಸಿತ್ತು. ಒಬ್ಬ ಸಾಧಾರಣ ಮನುಷ್ಯನ ಸಾವಿನ ಬಗ್ಗೆ ಸರ್ಕಾರ ಎದ್ದು ನಿಂತು ಮಾತಾಡಬೇಕಾಗುತ್ತದೆ ಎಂದರೆ ಕಡಿಮೆಯೇ ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ನಂಬಿದಳು.

ಅಧಿವೇಶನಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಅಕ್ಕ ಫೋನ್ ಮಾಡಿದಳು. "ಬೇಗ ಬಾರೇ. ಚಪ್ಪಡಿ ಹಾಕ್ತಾ ಇದಾರೆ."

ನಾನು ಹೋಗುವಷ್ಟರಲ್ಲಿ ಅರ್ಧ ಕಾಲುವೆ ಮುಚ್ಚಿತ್ತು. ಕ್ರೇನ್ ತಂದಿದ್ದರು. ವರ್ಷಗಟ್ಟಲೆ ಬೇಡಿದರೂ ಬಾರದವರು ಬಂದಿದ್ದಾರೆಂದು ಬೀದಿಯವರಿಗೆಲ್ಲ ಸಂತೋಷ. ಸಿಮೆಂಟು ಆರುವ ಮೊದಲೇ ಶಾಲೆಯ ಮಕ್ಕಳು ಅದರ ಮೇಲೆ ಓಡಾಡಲು ಶುರು ಮಾಡಿದರು. ಪ್ರಶ್ನೆ ಉತ್ತರಕ್ಕಾಗಿ ಎಂಜಿನಿಯರ್ ಕಚೇರಿಗೆ ಮುಟ್ಟಿದ್ದರಿಂದಲೇ ಇದು ಆದದ್ದು ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಅಕ್ಕ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು.

"ಒಳ್ಳೇದೇ ಆಯ್ತಲ್ಲಕ್ಕ," ಎಂದೆ.

"ಒಳ್ಳೇದೇ. ಆದ್ರೆ ಇನ್ಮೇಲೆ ಇಲ್ಲಿ ತೆರೆದಿತ್ತು ಅಂತ ಹೇಗೆ ತೋರಿಸ್ತೀಯ?"

ಸದಸ್ಯರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ನಕ್ಕರು. "ಹಂಗಾದ್ರೆ ನನ್ನ ಉಪಪ್ರಶ್ನೆ ಸಿಕ್ತು. ಕಾಲುವೆ ಮುಚ್ಚಿದೆ ಅಂತ ಮಂತ್ರಿ ಹೇಳ್ತಾರೆ. ನಾನು ಎದ್ದು ಒಂದೇ ಮಾತು ಕೇಳ್ತೀನಿ: ಯಾವತ್ತು ಮುಚ್ಚಿದ್ರಿ?"

ಆ ಒಂದು ಮಾತು ಕೇಳಲೆಂದೇ ನಾವಿಬ್ಬರೂ ಪಾಸು ಮಾಡಿಸಿಕೊಂಡು ವಿಧಾನಸೌಧಕ್ಕೆ ಹೋದೆವು. ಬಾಗಿಲಲ್ಲಿ ಫೋನು, ಬ್ಯಾಗು ಕೊಟ್ಟು ಗ್ಯಾಲರಿಯಲ್ಲಿ ಕೂತೆವು. ಅಕ್ಕ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದಳು. ಕೆಳಗೆ ನಮ್ಮ ಸದಸ್ಯರು ಕೈಯಲ್ಲಿ ಕಾಗದ ಹಿಡಿದು ಕೂತಿದ್ದು ಕಾಣುತ್ತಿತ್ತು. ಪ್ರಶ್ನೋತ್ತರ ಶುರುವಾಯಿತು. ಮೊದಲನೆಯ ಪ್ರಶ್ನೆ ಯಾವುದೋ ದೂರದ ಜಿಲ್ಲೆಯ ರಸ್ತೆಯದು. ಅದು ಮುಗಿಯುವುದಕ್ಕೂ ಬಿಡದೆ ವಿರೋಧ ಪಕ್ಷದ ನಾಯಕರು ಎದ್ದರು. ಹಿಂದಿನ ದಿನ ಒಬ್ಬ ಮಂತ್ರಿ ಆಡಿದ ಯಾವುದೋ ಮಾತಿಗೆ ಕ್ಷಮೆ ಕೇಳಬೇಕು, ಅಲ್ಲಿಯವರೆಗೆ ಕಲಾಪ ನಡೆಯಬಾರದು ಎಂದರು. ಎರಡೂ ಕಡೆ ಕೂಗು ಎದ್ದಿತು. ವಿರೋಧ ಪಕ್ಷದವರೆಲ್ಲ ಸಭಾಪತಿಗಳ ಪೀಠದ ಮುಂದೆ ಹೋಗಿ ನಿಂತರು.

ನಮ್ಮ ಸದಸ್ಯರು ಕೊಂಚ ಹೊತ್ತು ಕೂತೇ ಇದ್ದರು. ಪಕ್ಕದವರು ಅವರ ಭುಜ ಮುಟ್ಟಿ ಏನೋ ಹೇಳಿದರು. ಅವರು ಕಾಗದವನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿ ಎಲ್ಲರ ಜೊತೆ ನಿಂತರು. ಯಾರೋ ಅವರ ಕೈಗೊಂದು ಫಲಕ ಕೊಟ್ಟರು. ಅವರೂ ಘೋಷಣೆ ಕೂಗತೊಡಗಿದರು.

"ಅವರ್ಯಾಕೆ ಎದ್ದು ಹೋದ್ರು? ನಮ್ದು ಇನ್ನೂ ಬಂದಿಲ್ವಲ್ಲ?" ಎಂದಳು ಅಕ್ಕ.

ಸಭಾಪತಿಗಳು ಗಂಟೆ ಬಾರಿಸುತ್ತಲೇ ಇದ್ದರು. ಗದ್ದಲದ ನಡುವೆಯೇ, ಉಳಿದ ಪ್ರಶ್ನೆಗಳ ಉತ್ತರಗಳನ್ನು ಸದನದ ಮುಂದೆ ಮಂಡಿಸಲಾಗಿದೆ ಎಂದು ಹೇಳಿ ಸದನವನ್ನು ಮುಂದೂಡಿ ಎದ್ದುಹೋದರು. ನಮ್ಮ ಪ್ರಶ್ನೆಗೆ ಉತ್ತರಿಸಬೇಕಿದ್ದ ಸಚಿವರು ಕಾಲುವೆಯ ಹೆಸರನ್ನೂ ಬಾಯಲ್ಲಿ ಹೇಳಬೇಕಾಗಿ ಬರಲಿಲ್ಲ.

ಕಾರಿಡಾರಿನಲ್ಲಿ ಸದಸ್ಯರು ಸಿಕ್ಕರು. ಬೆವರಿದ್ದರು. "ಪಕ್ಷದ ತೀರ್ಮಾನ ಅಮ್ಮ. ಎಲ್ಲರೂ ಎದ್ದಾಗ ನಾನೊಬ್ಬನೇ ಕೂತಿರೋಕಾಗಲ್ಲ," ಎಂದು ಅಕ್ಕನ ಮುಖ ನೋಡದೆ ಹೇಳಿದರು. ಆಪ್ತ ಸಹಾಯಕ ಲಿಖಿತ ಉತ್ತರದ ಪ್ರತಿ ತಂದುಕೊಟ್ಟ. ಅಲ್ಲೇ ಕಂಬಕ್ಕೊರಗಿ ಓದಿದೆ. ಗಮನಕ್ಕೆ ಬಂದಿದೆಯೇ ಎಂಬುದಕ್ಕೆ: ಬಂದಿರುವುದಿಲ್ಲ, ಸದರಿ ಕಾಲುವೆಯನ್ನು ಪೂರ್ಣವಾಗಿ ಮುಚ್ಚಲಾಗಿದೆ. ಸಾವಿನ ಬಗ್ಗೆ: ಸದರಿ ವ್ಯಕ್ತಿಯು ಮದ್ಯಪಾನ ಮಾಡಿದ್ದು, ಸ್ವಂತ ನಿರ್ಲಕ್ಷ್ಯದಿಂದ ಮೃತಪಟ್ಟಿರುವುದಾಗಿ ತಿಳಿದುಬಂದಿರುತ್ತದೆ. ಹೊಣೆಗಾರರ ಮೇಲೆ ಕ್ರಮವೇನು ಎಂಬುದಕ್ಕೆ: ಉದ್ಭವಿಸುವುದಿಲ್ಲ.

"ಉದ್ಭವಿಸೋದಿಲ್ಲ ಅಂದ್ರೆ ಏನೇ?" ಎಂದಳು ಅಕ್ಕ.

"ಆ ಪ್ರಶ್ನೆಯೇ ಹುಟ್ಟಲ್ಲ ಅಂತ."

ಅವಳು ಪ್ರತಿಯನ್ನು ಇಸಿದುಕೊಂಡು ಮಡಚಿ ಬ್ಲೌಸಿನೊಳಗಿಟ್ಟಳು. ಮೆಟ್ರೋದಲ್ಲಿ ವಿಜಯನಗರಕ್ಕೆ ವಾಪಸ್ಸು ಹೊರಟೆವು. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದುದು ಒಂದೇ. ಅದುವರೆಗೆ ಆ ಸುಳ್ಳು ಒಬ್ಬ ಎಂಜಿನಿಯರನ ಫೈಲಿನಲ್ಲಿತ್ತು. ನಾವು ಕೇಳಿದ್ದರಿಂದ ಅದೀಗ ಸದನದ ಕಡತ ಸೇರಿತು.

ಮರುದಿನ ಒಂದು ಪತ್ರಿಕೆಯ ಒಳಪುಟದಲ್ಲಿ ಸಚಿವರ ಲಿಖಿತ ಉತ್ತರದ ಸುದ್ದಿ ಸಣ್ಣದಾಗಿ ಬಂತು. ಸುದ್ದಿ ಬೀದಿಗೂ ಮುಟ್ಟಿತು. ಬ್ಲೌಸ್ ಹೊಲಿಯಲು ಕೊಡುತ್ತಿದ್ದ ಪಕ್ಕದ ಮನೆಯಾಕೆ, ನಾನೂ ಇದ್ದಾಗಲೇ, ಅಳತೆ ಕೊಡುತ್ತ ಅಂದಳು: "ಅಂಕಲ್ ಅಂಥೋರಲ್ಲ ಅಂತ ನಾವು ಅಂದ್ಕೊಂಡಿದ್ವಿ ಆಂಟಿ. ವಿಧಾನಸೌಧದಲ್ಲೇ ಹೇಳಿದ್ರಂತಲ್ಲ." ಅಕ್ಕ ಟೇಪು ಹಿಡಿದು ಅಳತೆ ತೆಗೆದು ಮುಗಿಸಿದಳು. ಹಾಲಿನ ಬೂತಿನವನಂತೂ ತಾನು ಏನನ್ನೂ ಸರಿಯಾಗಿ ನೋಡಿರಲಿಲ್ಲ, ಮಳೆ ಜೋರಿತ್ತು ಎನ್ನತೊಡಗಿದ. ಅವನ ಬೂತು ನಿಂತಿದ್ದುದು ಫುಟ್‌ಪಾತಿನ ಮೇಲೆ; ಅಧಿಕಾರಿಗಳು ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಎತ್ತಿಸಬಹುದಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಚುನಾವಣೆ ಬಂತು, ಸರ್ಕಾರ ಬದಲಾಯಿತು. ನಮ್ಮ ಸದಸ್ಯರ ಪಕ್ಷವೇ ಗೆದ್ದಿತು. ಅಕ್ಕನ ಮುಖದಲ್ಲಿ ಮತ್ತೆ ಕಳೆ ಬಂದದ್ದನ್ನು ನಾನು ಕಂಡದ್ದು ಆ ವಾರ ಮಾತ್ರ. ರಾಜಾಜಿನಗರದ ಮನೆಯಲ್ಲಿ ಈಗ ಹೊರಗೆ ಪೊಲೀಸರಿದ್ದರು, ಒಳಗೆ ಹಾರಗಳ ರಾಶಿ ಇತ್ತು. ಸದಸ್ಯರು ನಮ್ಮನ್ನು ಗುರುತು ಹಿಡಿದರು, ಕಾಫಿ ತರಿಸಿದರು.

"ಈಗ ನಮ್ಮೋರೇ ಮಂತ್ರಿ ಅಮ್ಮ. ನಮ್ಮ ಸರ್ಕಾರಕ್ಕೆ ನಾನೇ ಮುಜುಗರ ಆಗೋ ಪ್ರಶ್ನೆ ಹಾಕಿದ್ರೆ ಚೆನ್ನಾಗಿರಲ್ಲ. ಫೋನಲ್ಲೇ ಮಾತಾಡಿ ಏನಾದ್ರೂ ಮಾಡಿಸ್ತೀನಿ."

"ಏನ್ ಮಾಡಿಸ್ತೀರಾ ಸಾರ್?" ಎಂದಳು ಅಕ್ಕ. "ಅವರು ಕುಡಿದಿರ್ಲಿಲ್ಲ ಅಂತ ಹೇಳಿಸ್ತೀರಾ?"

ಅವರು ಕಾಫಿ ಲೋಟದ ಕಡೆ ನೋಡಿದರು. "ಸದನದಲ್ಲಿ ಕೊಟ್ಟ ಉತ್ತರ ತಪ್ಪು ಅಂತ ಇಲಾಖೆ ಒಪ್ಕೊಳ್ಳಲ್ಲಮ್ಮ. ಅಧಿಕಾರಿಗಳು ಅವರೇ ಇದಾರಲ್ಲ."

ಆದರೂ ನಾನು ಬಿಡಲಿಲ್ಲ. ಈಗ ವಿರೋಧ ಪಕ್ಷದಲ್ಲಿ ಕೂತಿದ್ದವರೊಬ್ಬರನ್ನು ಸಹೋದ್ಯೋಗಿಯೊಬ್ಬರ ಮೂಲಕ ಹಿಡಿದೆ. ಅವರು ಉತ್ಸಾಹದಿಂದ ಪ್ರಶ್ನೆ ಹಾಕಿದರು. ಆ ಸಲ ಅದು ಚುಕ್ಕೆ ಇಲ್ಲದ ಪಟ್ಟಿಗೆ ಬಿತ್ತು, ಅಂದರೆ ಉಪಪ್ರಶ್ನೆಗೆ ಅವಕಾಶವೇ ಇಲ್ಲ. ಉತ್ತರ ಅಂಚೆಯಲ್ಲಿ ಬಂತು: ಈ ವಿಷಯಕ್ಕೆ ಈಗಾಗಲೇ ಸದನದಲ್ಲಿ ಉತ್ತರಿಸಲಾಗಿದೆ. ಹೊಸ ಸರ್ಕಾರ ಹಳೆಯ ಸರ್ಕಾರದ ಮಾತನ್ನೇ ಎತ್ತಿ ಕೊಟ್ಟಿತ್ತು. ಈಗ ಅದನ್ನು ಪ್ರಶ್ನಿಸುವ ಅಗತ್ಯ ಯಾವ ಪಕ್ಷಕ್ಕೂ ಉಳಿಯಲಿಲ್ಲ.

ಅಕ್ಕನಿಗೆ ಅದನ್ನು ತೋರಿಸಿದಾಗ ಅವಳು ಓದಲಿಲ್ಲ. "ಸಾಕು ಬಿಡೇ," ಎಂದಳು.

ಮುಂದಿನ ಬೇಸಿಗೆಯಲ್ಲಿ ಅವಳು ಸುಂಕದಕಟ್ಟೆಯ ಮನೆ ಬಿಟ್ಟು ಕೆಂಗೇರಿಯಲ್ಲೊಂದು ಬಾಡಿಗೆ ಮನೆ ಹಿಡಿದಳು. ಸಾಮಾನು ಇಳಿಸಿದ ದಿನ ನಾನೂ ಇದ್ದೆ. ಮಹಡಿ ಮನೆಯ ಹೆಂಗಸು ಒಳ್ಳೆಯವಳ ಹಾಗೆ ಕಂಡಳು, ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ಬಾಗಿಲಲ್ಲೇ ಕೂತು ಅದು ಇದು ವಿಚಾರಿಸುತ್ತ, "ಯಜಮಾನ್ರಿಗೆ ಏನಾಗಿತ್ತಮ್ಮ?" ಎಂದು ಕೇಳಿದಳು.

ಅಕ್ಕ ಹೊಲಿಗೆ ಮೆಷಿನ್ನಿನ ಮೇಲಿನ ಧೂಳು ಒರೆಸುತ್ತಿದ್ದಳು. ತಲೆ ಎತ್ತದೆ, "ಹಾರ್ಟ್ ಅಟ್ಯಾಕ್," ಎಂದಳು.