ವಿಮಾನದ ಗಾಲಿಗೆ ಲಿಂಬಿಹಣ್ಣು

ರಾಣೆಬೆನ್ನೂರಿನ ನನ್ನ ಮನೆಯಲ್ಲಿ ಒಂದು ಬೇಸಿಗೆ ಪೂರ್ತಿ ಕೂತು ಗೇಣುದ್ದದ ವಿಮಾನ ಜೋಡಿಸಿದ್ದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ತಯಾರಿಸಿ ರುಮೇನಿಯಾದವರಿಗೆ ಕೊಟ್ಟ, ರಷ್ಯಾದ ಟ್ಯಾಂಕುಗಳನ್ನು ಒಡೆಯುವ ವಿಮಾನದ ಪ್ಲಾಸ್ಟಿಕ್ ಮಾದರಿ ಅದು. ರೆಕ್ಕೆಯ ಮೇಲಿನ ರುಮೇನಿಯಾದ ಹಳದಿ ಶಿಲುಬೆಯನ್ನು ಉಸಿರು ಬಿಗಿಹಿಡಿದು ಬರೆದಿದ್ದೆ.

ದಸರೆಯ ಖಂಡೇಪೂಜೆಯ ದಿನ ಅದನ್ನು ಬ್ಯಾಡಗಿಗೆ, ಅಣ್ಣನ ಮೆಣಸಿನಕಾಯಿ ಅಂಗಡಿಗೆ ಒಯ್ದೆ. ನಮ್ಮ ಮನೆತನದ ತಕ್ಕಡಿ, ಲಾರಿ, ಹೊಲಿಗೆ ಮಷೀನು ಎಲ್ಲಕ್ಕೂ ಅಲ್ಲೇ ಪೂಜೆ. ಅಣ್ಣ ಲಾರಿಯ ಗಾಲಿಗೆ ಲಿಂಬಿಹಣ್ಣು ಇಟ್ಟು ಹಾಯಿಸಿದ. ಆಮೇಲೆ ನನ್ನ ವಿಮಾನದ ಗಾಲಿಗೂ ಒಂದು ಇಟ್ಟು, ಹಮಾಲರೆಲ್ಲ ನೋಡುವಂತೆ ಅಂಗೈಯಿಂದ ಒತ್ತಿದ. ಗಾಲಿಯ ಕಾಲು ಲಟಕ್ಕನೆ ಮುರಿಯಿತು, ರೆಕ್ಕೆ ಕಿತ್ತು ಬಂತು.

"ಲಿಂಬಿಹಣ್ಣ ಒಡೀಲಾರದ್ದು ಟ್ಯಾಂಕ್ ಏನ್ ಒಡೀತೈತೋ ತಮ್ಮಾ?" ಅಂದ.

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಆ ನಗು ನನಗೆ ಇವತ್ತಿಗೂ ಅರಗಿಲ್ಲ.

ಈ ವರ್ಷ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿವೆ. ಖಂಡೇಪೂಜೆಗೆ ಅವನ ಗಾಲಿಕುರ್ಚಿಗೂ ಅತ್ತಿಗೆ ಕುಂಕುಮ ಹಚ್ಚಿ ಹೂ ಏರಿಸಿದರು. ಲಾರಿಯ ಪೂಜೆ ಮುಗಿದಮೇಲೆ ನಾನೇ ಬಗ್ಗಿ ಕುರ್ಚಿಯ ಗಾಲಿಗೆ ಒಂದು ಲಿಂಬಿಹಣ್ಣು ಇಟ್ಟೆ.

"ನೂಕು ಅಣ್ಣಾ" ಅಂದೆ.

ಹಮಾಲರು ತಲೆ ತಗ್ಗಿಸಿದರು. ಹೆಂಡತಿ ನನ್ನ ತೋಳು ಹಿಡಿದು ಜಗ್ಗಿದಳು. ಅಣ್ಣ ಎಡಗೈಯೊಂದರಿಂದಲೇ ಗಾಲಿ ಹಿಡಿದು ನೂಕಿದ. ಹಣ್ಣು ಒಡೆಯಲಿಲ್ಲ.

"ಇನ್ನೊಮ್ಮೆ" ಅಂದೆ.