ಅತ್ತೆಯನ್ನು ಹೊತ್ತೊಯ್ದ ತಾಳಗುಪ್ಪದ ಗಾಡಿ

ತೀರ್ಥಹಳ್ಳಿಯಲ್ಲಿ ನಗರ ಎಂಬ ಊರಿನ ಬಸ್ಸು ಹತ್ತುವಾಗಲೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ನನ್ನ ತರಗತಿಯಲ್ಲಿ ರೈಲು ಕಂಡ ಹುಡುಗಿ ಒಬ್ಬಳೂ ಇರಲಿಲ್ಲ. ಕವಲೇದುರ್ಗ, ನಗರದ ಕೋಟೆ, ಇಕ್ಕೇರಿ, ಕೆಳದಿ ನೋಡಿಕೊಂಡು ಸಾಗರಕ್ಕೆ ಹೋಗಿ ಮಕ್ಕಳಿಗೆ ರೈಲು ತೋರಿಸಬೇಕೆಂದು ಹೆಡ್‌ಮಿಸ್ಟ್ರೆಸ್ ನಿಶ್ಚಯಿಸಿದ್ದರು. "ಮೊದ್ಲು ನೀವೊಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಏನಾದ್ರೂ ಆದ್ರೆ ಕೇಳೋದು ನಿಮ್ಮನ್ನೇ" ಎಂದು ಅವರು ಹೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆಯೇ ಬಂದಿರಲಿಲ್ಲ.

ನಮ್ಮವರಿಗೆ ರಜೆ ಸಿಗಲಿಲ್ಲ. ಹೆಂಗಸು ಒಬ್ಬಳೇ ಊರೂರು ತಿರುಗುವುದು ಆಗ ನಡೆಯುವ ಮಾತಲ್ಲ. "ನಾನು ಬರ್ತೀನಿ, ನಡಿ. ನಂಗೂ ರೈಲು ನೋಡ್ಬೇಕು" ಎಂದು ಅತ್ತೆ ಚೀಲಕ್ಕೆ ಅವಲಕ್ಕಿ, ಬೆಲ್ಲ ತುಂಬಿಕೊಂಡು ಹೊರಟೇಬಿಟ್ಟರು. ಅರವತ್ತು ದಾಟಿದ್ದರೂ ಕಾಲು ಗಟ್ಟಿ. ಕಿವಿ ಮಾತ್ರ ಸ್ವಲ್ಪ ಮಂದ.

ದಾರಿಯಲ್ಲಿ ಇಳಿದು ಕವಲೇದುರ್ಗಕ್ಕೆ ನಡೆದೆವು. ಬೆಟ್ಟದ ಕೆಳಗಿನ ಗದ್ದೆಗಳಲ್ಲಿ ಕೊಯ್ಲು ಮುಗಿದು ಬಿಸಿಲು ಹಿತವಾಗಿತ್ತು. ಕಲ್ಲು ಹಾಸಿದ ದಾರಿಯಲ್ಲಿ ಅತ್ತೆ ನನಗಿಂತ ಮುಂದೆ ಹತ್ತಿದರು. ಕೆಳದಿಯ ಅರಸರ ಹೆಬ್ಬಾಗಿಲುಗಳನ್ನು ಒಂದೊಂದಾಗಿ ದಾಟಿ ಮೇಲೆ ಹೋದರೆ ಅಲ್ಲೊಂದು ಕೊಳ. ತಡೆಗೋಡೆ ಇಲ್ಲ, ಮೆಟ್ಟಿಲ ತುಂಬ ಪಾಚಿ. ಅತ್ತೆ ಇಳಿದು ಕಾಲು ತೊಳೆಯತೊಡಗಿದರು. ನನಗೆ ಕಂಡದ್ದು ಅತ್ತೆಯಲ್ಲ, ಜಾರುತ್ತಿರುವ ನನ್ನ ಹುಡುಗಿಯರು. ಒಬ್ಬೊಬ್ಬಳ ಹೆಸರೂ ನೆನಪಿಗೆ ಬಂತು. "ಸಾಕು ಅತ್ತೆ, ಮೇಲೆ ಬನ್ನಿ" ಎಂದು ಕೂಗಿದೆ.

"ಎಂತಕ್ಕೆ ಇಷ್ಟು ಹೆದರ್ತಿ ಮಾರಾಯ್ತಿ? ನೀರು ನನ್ನ ಎಳೀತದಾ?" ಎಂದು ಅವರು ನಕ್ಕರು.

ಆ ರಾತ್ರಿ ನಗರದಲ್ಲಿ ಪರಿಚಯದವರ ಮನೆಯಲ್ಲಿ ತಂಗಿದೆವು. ಬೆಳಿಗ್ಗೆ ಕೋಟೆಗೆ ಹೋದರೆ ಗೋಡೆಗಳ ನಡುವೆ ಆಳೆತ್ತರ ಹುಲ್ಲು. ಅಲ್ಲಿ ಹಾವಿನ ಭಯ. ಹೊಸನಗರಕ್ಕೆ ಬಂದು, ಹೋಟೆಲಿನಲ್ಲಿ ಬನ್ಸ್ ತಿಂದು, ಸಾಗರದ ಬಸ್ಸು ಹಿಡಿದೆವು. ಆ ಬಸ್ಸು ಮೈಲಿಗೊಮ್ಮೆ ನಿಲ್ಲುತ್ತಿತ್ತು. ಮುಳುಗಡೆಯಾಗುವ ಊರುಗಳವರು ಬಾಗಿಲ ಚೌಕಟ್ಟು, ಹಂಡೆ, ಒರಳು ಎಲ್ಲವನ್ನೂ ಬಸ್ಸಿನ ಮೇಲೆ ಏರಿಸುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸಾಗರದ ಛತ್ರ ಸೇರುವಾಗ ಕತ್ತಲಾಗಿತ್ತು.

ಮರುದಿನ ಇಕ್ಕೇರಿ, ಕೆಳದಿ ಎರಡನ್ನೂ ನೋಡಿದೆವು. ಇಕ್ಕೇರಿಯ ಅಘೋರೇಶ್ವರನ ಎದುರಿನ ದೊಡ್ಡ ನಂದಿಯ ಹೊಟ್ಟೆಯಡಿ ಮಕ್ಕಳು ನುಸುಳಬಹುದು. ಕೆಳದಿಯಲ್ಲಿ ಮಾಡಿನ ಹಲಗೆಯ ಮೇಲೆ ಕೆತ್ತಿದ ಗಂಡಭೇರುಂಡವನ್ನು ಅತ್ತೆ ಕತ್ತೆತ್ತಿ ನೋಡಿದ್ದೇ ನೋಡಿದ್ದು. ಬೀಳುವ, ಜಾರುವ ಜಾಗ ಅಲ್ಲಿ ಇರಲಿಲ್ಲ. ಮೊದಲ ಬಾರಿಗೆ ನನ್ನ ಉಸಿರು ಹಗುರಾಯಿತು.

ಮಧ್ಯಾಹ್ನ ರೈಲ್ವೆ ಸ್ಟೇಷನ್ನಿಗೆ ಹೋದೆವು. ಶಿವಮೊಗ್ಗೆಯಿಂದ ಬಂದ ಗಾಡಿ ಹೊಗೆ ಕಾರುತ್ತ ನಿಂತಿತು. ನೆಲ ನಡುಗಿತು. ಅತ್ತೆ ಸೆರಗು ಬಾಯಿಗಿಟ್ಟು ನಿಂತುಬಿಟ್ಟರು. "ಇಲ್ಲೇ ಇರಿ, ಎಲ್ಲಿಗೂ ಹೋಗ್ಬೇಡಿ" ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿ, ಮಕ್ಕಳು ಎಂಜಿನ್ ಹತ್ತಿರ ಹೋಗಬಹುದೇ ಎಂದು ಕೇಳಲು ಸ್ಟೇಷನ್ ಮಾಸ್ಟರ ಕೋಣೆಗೆ ಹೋದೆ.

ಸಿಳ್ಳೆ ಕೇಳಿ ಹೊರಗೆ ಓಡಿ ಬಂದಾಗ ಬೆಂಚು ಖಾಲಿ. ಗಾಡಿ ಚಲಿಸುತ್ತಿತ್ತು. ಒಂದು ಕಿಟಕಿಯಲ್ಲಿ ಅತ್ತೆ! ಅವರ ತೋಳಿನಲ್ಲಿ ಯಾರದೋ ಎಳೆಗೂಸು. "ಸುಮಿತ್ರಾ!" ಎಂದು ಕೂಗಿದ್ದು ಕೇಳಿಸಿತು, ಮುಂದಿನ ಮಾತು ಹೊಗೆಯಲ್ಲಿ ಹೋಯಿತು. ನಾನು ಪ್ಲಾಟ್‌ಫಾರಂ ಮುಗಿಯುವವರೆಗೂ ಓಡಿದೆ.

"ಗಾಬರಿ ಆಗ್ಬೇಡಿ ಅಮ್ಮಾ" ಎಂದರು ಸ್ಟೇಷನ್ ಮಾಸ್ಟರು. "ತಾಳಗುಪ್ಪದಿಂದ ಮುಂದೆ ಹಳಿಯೇ ಇಲ್ಲ. ಅದೇ ಗಾಡಿ ಸಂಜೆ ವಾಪಸ್ ಬರ್ತದೆ. ನಾನು ಫೋನ್ ಮಾಡಿ ಹೇಳ್ತೀನಿ."

ಗಾಡಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಫೋನ್ ಮಾಡಿದರು. ರಿಸೀವರ್ ಇಡುವಾಗ ಅವರ ಮುಖ ಚಿಕ್ಕದಾಗಿತ್ತು. "ಬಂದವ್ರೆಲ್ಲ ಇಳಿದು ಹೋದ್ರಂತೆ. ಒಬ್ರೇ ನಿಂತ ಅಜ್ಜಿ ಯಾರೂ ಇಲ್ವಂತೆ."

ಬಸ್ಸಿನಲ್ಲಿ ತಾಳಗುಪ್ಪಕ್ಕೆ ಹೋಗೋಣವೆಂದರೆ, ಅಷ್ಟರಲ್ಲಿ ಅತ್ತೆ ರೈಲಿನಲ್ಲಿ ಮರಳಿ ಬಂದು ನನ್ನನ್ನು ಕಾಣದೆ ಎಲ್ಲಿಗೆ ಹೋದಾರು? ಇಲ್ಲೇ ಕೂತರೆ, ಅಲ್ಲಿ ಅವರು ಯಾವ ದಾರಿ ಹಿಡಿದರೋ? ಕರೆದರೆ ಕೇಳಿಸದ ಕಿವಿ. ಕೈಯಲ್ಲಿ ಬೇರೆಯವರ ಕೂಸು. ಕದ್ದಳೆಂದು ಯಾರಾದರೂ ಹಿಡಿದರೆ? ನಮ್ಮವರಿಗೆ ಏನು ಹೇಳಲಿ? ಒಬ್ಬ ಅತ್ತೆಯನ್ನು ಕಾಯಲಾಗದವಳು ಶಾಲೆಯ ಮಕ್ಕಳನ್ನು ಹೇಗೆ ಕಾಯಲಿ? ಊರಿಗೆ ಹೋದ ಕೂಡಲೇ ಈ ಪ್ರವಾಸ ಬೇಡವೆಂದು ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಸ್ಟೇಷನ್ ಮಾಸ್ಟರು ತರಿಸಿಕೊಟ್ಟ ಕಾಫಿ ಹಾಗೇ ಆರಿತು.

ಬಿಸಿಲು ಇಳಿದ ಮೇಲೆ ಗಾಡಿ ಬಂತು. ಮೊದಲ ಡಬ್ಬಿಯಲ್ಲಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಕೊನೆಯ ಡಬ್ಬಿಯಿಂದ, ಗಾರ್ಡನ ಕೈ ಹಿಡಿದು, ಅತ್ತೆ ಇಳಿದರು. ಮುಖ, ಸೀರೆ, ಎರಡೂ ಅಂಗೈ ಎಲ್ಲ ಮಸಿ.

"ಸುಮಿತ್ರಾ, ಅಲ್ಲಿ ಎಂಜಿನ್ನನ್ನ ಒಂದು ಗುಂಡಿಯಲ್ಲಿರೋ ತಿರುಗೋ ಹಳಿ ಮೇಲೆ ನಿಲ್ಸಿ, ಕೈಯಲ್ಲೇ ದಬ್ಬಿ ತಿರುಗಿಸ್ತಾರೆ! ಅಷ್ಟು ದೊಡ್ಡದನ್ನ! ನಾನೂ ಕೈ ಹಾಕ್ದೆ!"

ನನಗೆ ತಡೆಯಲಾಗಲಿಲ್ಲ. "ನಿಮಗೆ ಸ್ವಲ್ಪನಾದ್ರೂ ಬುದ್ಧಿ ಇದೆಯಾ? ಎಲ್ಲಿಗೂ ಹೋಗ್ಬೇಡಿ ಅಂದಿರ್ಲಿಲ್ವಾ? ನಾನಿಲ್ಲಿ ಸತ್ತೇ ಹೋಗಿದ್ದೆ!" ಎಂದು ಎಲ್ಲರ ಎದುರಿಗೇ ಕಿರುಚಿ, ಅಳತೊಡಗಿದೆ. ಮದುವೆಯಾಗಿ ಬಂದ ಮೇಲೆ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

ಅತ್ತೆ ಬೆಂಚಿನ ಮೇಲೆ ಕೂತರು. ಆಮೇಲೆ ಹೇಳಿದರು: "ಆ ಹುಡುಗಿ ಒಬ್ಳೇ ಪಾತ್ರೆ ಮೂಟೆ ಹತ್ತಿಸ್ತಿದ್ಲು. ಮಗು ಹಿಡ್ಕೊಳ್ಳಿ ಅಂದ್ಲು. ಒಳಗೆ ಕೊಟ್ಟು ಇಳೀಬೇಕು ಅನ್ನೋವಾಗ ಗಾಡಿ ಹೊರಟಿತು. ಅವರ ಮನೆ ಮುಳುಗ್ತದಂತೆ. ಗಂಡ ತಾಳಗುಪ್ಪದಲ್ಲಿ ಎತ್ತಿನ ಗಾಡಿ ಕಟ್ಕೊಂಡು ಕಾಯ್ತಿದ್ದ, ಎಲ್ಲೋ ಹೊಸ ಜಾಗಕ್ಕೆ ಹೋಗ್ಲಿಕ್ಕೆ. ಹುಡುಗಿ ದಾರಿಯುದ್ದ ಅತ್ಲು. ಅವಳನ್ನ ಗಾಡಿ ಹತ್ತಿಸಿ ವಾಪಸ್ ಬಂದೆ. ನಂಗೂ ಹೆದರಿಕೆ ಆಗಿತ್ತು ಮಾರಾಯ್ತಿ. ಅವಳೆದುರು ನಾನೂ ಅತ್ರೆ ಹೆಂಗೆ ಅಂತ ನಗ್ತಾ ಇದ್ದೆ."

ನಾನು ನನ್ನ ಸೆರಗಿನಿಂದ ಅವರ ಮುಖದ ಮಸಿ ಒರೆಸಿದೆ. ಅದು ಇನ್ನಷ್ಟು ಹರಡಿತು.

ಮರುದಿನ ಆನಂದಪುರದ ದಾರಿಯಾಗಿ ಊರಿಗೆ ಹೊರಟೆವು. ಪ್ರವಾಸ ಬೇಡವೆಂಬ ಹಟ ರಾತ್ರಿ ಕಳೆಯುವಷ್ಟರಲ್ಲಿ ಸಡಿಲವಾಗಿತ್ತು. ಕೊಳದ ಹತ್ತಿರ ಯಾರನ್ನೂ ಬಿಡುವುದಿಲ್ಲ, ನಗರದಲ್ಲಿ ಹೊರಗಿನಿಂದಲೇ ಕೋಟೆ ನೋಡುವುದು, ಆದರೆ ಎಂಜಿನ್ ತಿರುಗಿಸುವುದನ್ನು ಹುಡುಗಿಯರು ನೋಡಲೇಬೇಕು ಎಂದು ಮನಸ್ಸಿನಲ್ಲೇ ಹೆಡ್‌ಮಿಸ್ಟ್ರೆಸ್‌ಗೆ ಹೇಳುವುದನ್ನು ಜೋಡಿಸುತ್ತಿದ್ದೆ. ಹೆದರಿಕೆ ಹೋಗಿರಲಿಲ್ಲ.

ಒಂದು ಕಡೆ ರೈಲ್ವೆ ಗೇಟು ಹಾಕಿ ನಮ್ಮ ಬಸ್ಸನ್ನು ನಿಲ್ಲಿಸಿದರು. ಸಾಗರದ ಕಡೆಯ ಗಾಡಿ ಕಣ್ಣೆದುರೇ ಹಾದುಹೋಯಿತು. ಕಿಟಕಿಗಳಲ್ಲಿ ಜನ, ಬಾಗಿಲಲ್ಲಿ ಮೂಟೆಗಳು. ಅತ್ತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಅದು ಮರೆಯಾದ ಮೇಲೆ ನನ್ನ ಕಡೆ ತಿರುಗಿದರು.

"ಸುಮಿತ್ರಾ, ನಾವು ಬಸ್ಸಿನಲ್ಲಿದ್ದೀವಿ. ಕೈ ಬಿಡು, ಬಳೆ ಒತ್ತುತ್ತದೆ."

ಆಗಲೇ ನಾನು ನೋಡಿಕೊಂಡದ್ದು. ಹಿಡಿತ ಸಡಿಲಿಸಿದೆ. ಕೈ ಬಿಡಲಿಲ್ಲ.